ಎಪಿಐಗೆ ಏನು ಕಳಿಸಿದರೂ ಒಳಗೆ ಹೋಗುತ್ತಿದೆಯಾ? ಇನ್‌ಪುಟ್ ವ್ಯಾಲಿಡೇಶನ್ ದೋಷ ಹುಡುಕುವ ಕೈಪಿಡಿ

ಎಪಿಐ, ಅಂದರೆ ಆ್ಯಪ್ ಮತ್ತು ಸರ್ವರ್ ಮಾತಾಡುವ ದಾರಿ, ಹ್ಯಾಕ್ ಆಗಿದೆ ಅಂತ ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಅದಕ್ಕೂ ಎಷ್ಟೋ ಮುಂಚೆ ಸುಳಿವುಗಳು ಬಿದ್ದಿರುತ್ತವೆ. ಯಾರದೋ ಹೆಸರು ಸೇವ್ ಆಗಲಿಲ್ಲ ಅನ್ನೋ ದೂರು, ಆರ್ಡರ್ ಟೇಬಲ್‌ನಲ್ಲಿ ಮೈನಸ್ 2 ಅನ್ನೋ ಪ್ರಮಾಣ, ರಾತ್ರಿ ಹೊತ್ತಲ್ಲಿ ಸಾಲಾಗಿ ಬಂದ 500 ಎರರ್‌ಗಳು (ಸರ್ವರ್ ಒಳಗೇ ಏನೋ ಕೆಟ್ಟಿತು ಅನ್ನೋ ಉತ್ತರ). ಇವನ್ನೆಲ್ಲ ಬಿಡಿ ಬಿಡಿ ಬಗ್ ಅಂದುಕೊಂಡು ಟಿಕೆಟ್ ಮುಚ್ಚಿಬಿಡುತ್ತೇವೆ. ಬಹಳಷ್ಟು ಸಲ ಬೇರು ಒಂದೇ ಇರುತ್ತದೆ: ಹೊರಗಿನಿಂದ ಬರುವ ಮಾಹಿತಿ ಯಾವ ಆಕಾರದಲ್ಲಿರಬೇಕು ಅಂತ ಸರ್ವರ್ ಎಲ್ಲೂ ತೀರ್ಮಾನ ಮಾಡಿಲ್ಲ. ಹಾಗೆ ತೀರ್ಮಾನಿಸಿ ತಪಾಸಣೆ ಮಾಡುವುದಕ್ಕೇ ಇನ್‌ಪುಟ್ ವ್ಯಾಲಿಡೇಶನ್ ಅನ್ನುವುದು.

ಇಲ್ಲಿ ನಾನು ಇಟ್ಟುಕೊಂಡಿರುವ ಉದಾಹರಣೆ ಒಂದು ಸಾಮಾನ್ಯ ಅಂಗಡಿ ಆ್ಯಪ್‌ನ ಎಪಿಐ. ಸೈನ್‌ಅಪ್, ಲಾಗಿನ್, ಆರ್ಡರ್, ಹುಡುಕಾಟ, ಇಷ್ಟೇ. ಅದನ್ನು ಕಟ್ಟಿರುವುದು ನೋಡ್‌ನ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಎಕ್ಸ್‌ಪ್ರೆಸ್‌ನಲ್ಲಿರಲಿ, ಪೈಥಾನ್‌ನ ಫಾಸ್ಟ್‌ಎಪಿಐನಲ್ಲಿರಲಿ, ಹುಡುಕುವ ರೀತಿ ಹೆಚ್ಚೂ ಕಡಿಮೆ ಒಂದೇ.

## ಮೊದಲು ಒಂದೆರಡು ಎಚ್ಚರಿಕೆ

ಈ ಪರೀಕ್ಷೆಗಳನ್ನು ನಿಮ್ಮದೇ ಎಪಿಐ ಮೇಲೆ ಮಾಡಿ, ಅದೂ ಸ್ಟೇಜಿಂಗ್ ಸರ್ವರ್‌ನಲ್ಲಿ, ಅಂದರೆ ಪ್ರಯೋಗಕ್ಕೆ ಇಟ್ಟ ಪ್ರತಿಯಲ್ಲಿ. ಬೇರೆಯವರ ಸೈಟಿಗೆ ಸುಮ್ನೆ ಒಂದು ಕೋಟ್ ಚಿಹ್ನೆ ಹಾಕಿ ನೋಡೋಣ ಅಂತ ಹೋದರೂ ಅನುಮತಿಯಿಲ್ಲದೆ ಕೈ ಹಾಕಿದಂತೆ ಆಗಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳು ಇಂಥದ್ದಕ್ಕೇ ಇವೆ. ಕ್ಲೈಂಟ್ ಕೆಲಸವಾದರೆ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಫೋನಲ್ಲಿ "ಮಾಡ್ರಿ ಮಾಡ್ರಿ" ಅಂದದ್ದು ಸಾಕಾಗುವುದಿಲ್ಲ.

ಎರಡನೆಯದು, ಏನನ್ನೂ ಮುಟ್ಟುವ ಮುಂಚೆ ಲಾಗ್‌ನ (ಬಂದ ರಿಕ್ವೆಸ್ಟ್‌ಗಳ ದಾಖಲೆಯ) ಒಂದು ಪ್ರತಿ ಬೇರೆ ಕಡೆ ಇಡಿ. ಲಾಗ್ ರೊಟೇಟ್ ಆಗಿ ಹಳೆಯದು ಅಳಿಸಿಹೋದ ಮೇಲೆ ಯಾರು ಏನು ಕಳಿಸಿದ್ದರು ಅಂತ ಹೇಳುವವರು ಯಾರೂ ಇರುವುದಿಲ್ಲ.

ಬೇಕಾದ ಸಾಮಾನು ಕಡಿಮೆ. ಕೈಯಿಂದ ರಿಕ್ವೆಸ್ಟ್ ಕಳಿಸಲು ಕರ್ಲ್ ಅಥವಾ ಪೋಸ್ಟ್‌ಮನ್, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್, ಸರ್ವರ್ ಲಾಗ್ ಓದುವ ಅನುಮತಿ. ದುಡ್ಡು ಕೊಟ್ಟು ಸ್ಕ್ಯಾನರ್ ತರುವ ಮಾತು ಈಗಲೇ ಬೇಡ.

## "ತಪ್ಪು ಮಾಹಿತಿ ಕಳಿಸಿದರೆ 500 ಬರುತ್ತದೆ"

ಶುರು ಮಾಡಬೇಕಾದ್ದು ಇಲ್ಲಿಂದ, ಯಾಕೆಂದರೆ ಇದಕ್ಕೆ ಖರ್ಚೇ ಇಲ್ಲ. ಕಳೆದ ಒಂದು ವಾರದ ಲಾಗ್‌ನಲ್ಲಿ 500 ಬಂದಿರುವ ರಿಕ್ವೆಸ್ಟ್‌ಗಳನ್ನು ಮಾತ್ರ ಸೋಸಿ ತೆಗೆಯಿರಿ. ಕಳಿಸಿದವರ ಕಡೆ ತಪ್ಪಿದ್ದರೆ ಉತ್ತರ 400ರ ಸಾಲಿನಲ್ಲಿ ಬರಬೇಕು. 500 ಅಂದರೆ ತಪ್ಪು ಮಾಹಿತಿ ಬಾಗಿಲು ದಾಟಿ ಒಳಗೆ ಎಲ್ಲೋ ಹೋಗಿ ಕೋಡ್ ಬಿದ್ದಿದೆ ಅಂತ ಅರ್ಥ. ಎಷ್ಟು ಒಳಗೆ ಹೋಗಿ ಬಿತ್ತು ಅನ್ನೋದೇ ಮುಖ್ಯ ಪ್ರಶ್ನೆ, ಅದನ್ನು ಸ್ಟ್ಯಾಕ್ ಟ್ರೇಸ್ (ಕೋಡ್ ಬಿದ್ದ ಜಾಗದ ತನಕದ ದಾರಿಯ ಪಟ್ಟಿ) ಹೇಳುತ್ತದೆ. ಕಂಟ್ರೋಲರ್‌ನ (ರಿಕ್ವೆಸ್ಟ್ ಮೊದಲು ತಲುಪುವ ಕೋಡ್‌ನ) ಮೊದಲ ಸಾಲಿನಲ್ಲೇ ಬಿದ್ದಿದ್ದರೆ ಸ್ವಲ್ಪ ನಿರಾಳ. ಡೇಟಾಬೇಸ್ ಡ್ರೈವರ್‌ನಲ್ಲಿ ಬಿದ್ದಿದ್ದರೆ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ.

ಆಮೇಲೆ ಸೈನ್‌ಅಪ್ ಎಂಡ್‌ಪಾಯಿಂಟ್‌ಗೆ (ಎಪಿಐನ ಸೈನ್‌ಅಪ್ ವಿಳಾಸಕ್ಕೆ) ಕೈಯಿಂದಲೇ ಒಂದೊಂದಾಗಿ ಕಳಿಸಿ ನೋಡಿ: ಖಾಲಿ ಬಾಡಿ (ರಿಕ್ವೆಸ್ಟ್ ಹೊತ್ತು ತರುವ ಮಾಹಿತಿ). ಅರ್ಧಕ್ಕೇ ನಿಂತ ಜೇಸನ್ (ಮಾಹಿತಿಯನ್ನು ಬರೆದು ಕಳಿಸುವ ಪಠ್ಯ ರೂಪ). ಹೆಸರಿನ ಜಾಗದಲ್ಲಿ ಅಂಕಿ. ಅಂಕಿಯ ಜಾಗದಲ್ಲಿ ಪಟ್ಟಿ. ಬೇಕೇ ಬೇಕಾದ ಫೀಲ್ಡ್‌ಗೆ ನಲ್ (ಏನೂ ಇಲ್ಲ). ಆಮೇಲೆ ಒಂದೇ ಪ್ಯಾರಾಮೀಟರ್ ಅನ್ನು ಯುಆರ್‌ಎಲ್‌ನಲ್ಲಿ ಎರಡು ಸಲ. ಈ ಕೊನೆಯದು ಎಕ್ಸ್‌ಪ್ರೆಸ್ ಬಳಸುವವರನ್ನು ಚೆನ್ನಾಗಿ ಹಿಡಿಯುತ್ತದೆ, ಒಂದು ಸಲ ಬಂದರೆ ಸ್ಟ್ರಿಂಗ್ (ಅಕ್ಷರಗಳ ಸಾಲು), ಎರಡು ಸಲ ಬಂದರೆ ಅರೇ (ಪಟ್ಟಿ). ಸ್ಟ್ರಿಂಗ್ ಅಂದುಕೊಂಡು ಟ್ರಿಮ್ ಕರೆದ ಕೋಡ್ ಅಲ್ಲೇ ಕುಸಿಯುತ್ತದೆ.

ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಇನ್ನೊಂದು ಪರೀಕ್ಷೆ. ಜೇಸನ್ ಸ್ಟ್ರಿಂಗ್ ಒಳಗೆ ನಲ್ ಅಕ್ಷರವನ್ನು, ಅಂದರೆ ಯೂನಿಕೋಡ್ ಸೊನ್ನೆಯನ್ನು, ಎಸ್ಕೇಪ್ ಮಾಡಿ ಕಳಿಸಿ. ಜೇಸನ್ ನಿಯಮದಲ್ಲಿ ಅದು ಸರಿ, ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಕಾಲಂ ಮಾತ್ರ ಅದನ್ನು ಒಪ್ಪುವುದೇ ಇಲ್ಲ. ಹಾಗಾಗಿ 500.

ಉತ್ತರಗಳನ್ನು ಓದುವ ರೀತಿ: 400 ಅಥವಾ 422 ಬಂದರೆ ಬಾಗಿಲಲ್ಲೇ ತಡೆದಿದೆ. ಫಾಸ್ಟ್‌ಎಪಿಐ ತಾನಾಗಿಯೇ 422 ಕೊಡುತ್ತದೆ, ಗಾಬರಿ ಬೇಡ. 413 ಬಂದರೆ ಗಾತ್ರ ಜಾಸ್ತಿ ಆಯಿತು. 403 ಬಂದು ಜೊತೆಗೆ ಎಚ್‌ಟಿಎಂಎಲ್ ಪುಟ ಬಂದರೆ ಅದು ನಿಮ್ಮ ಕೋಡ್ ಕೊಟ್ಟ ಉತ್ತರ ಆಗಿರಲಿಕ್ಕಿಲ್ಲ, ಮುಂದೆ ಕೂತಿರುವ ಫೈರ್‌ವಾಲ್ ಇರಬಹುದು. ಅದನ್ನು ದಾಟಿ ನೇರ ಆ್ಯಪ್‌ಗೇ ಕಳಿಸಿ ನೋಡದೆ "ನಮ್ಮದು ಸೇಫ್" ಅನ್ನಬೇಡಿ. ಇನ್ನು 200, ಅಂದರೆ 'ಎಲ್ಲ ಸರಿ' ಅನ್ನೋ ಉತ್ತರ, ಬಂದರೆ? ಅದು 500ಕ್ಕಿಂತ ಕೆಟ್ಟದ್ದು. ತಪ್ಪು ಮಾಹಿತಿ ಸದ್ದಿಲ್ಲದೆ ಸೇವ್ ಆಗಿದೆ.

ಎರರ್ ಉತ್ತರದಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ, ಟೇಬಲ್ ಹೆಸರು ಹೊರಗೆ ಕಾಣುತ್ತಿದೆಯಾ ನೋಡಿ. ಎಕ್ಸ್‌ಪ್ರೆಸ್‌ನಲ್ಲಿ ನೋಡ್ ಎನ್ವಿರಾನ್‌ಮೆಂಟ್ ಅನ್ನು ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸುವ ಸರ್ವರ್) ಅಂತ ಇಡದಿದ್ದರೆ ಸ್ಟ್ಯಾಕ್ ಟ್ರೇಸ್ ಹಾಗೇ ಹೊರಗೆ ಹೋಗುತ್ತದೆ. ಒಂದು ಸಾಲಿನ ಸೆಟ್ಟಿಂಗ್, ಈಗಲೇ ಸರಿ ಮಾಡಿ.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ: ಪ್ರತಿ ಎಂಡ್‌ಪಾಯಿಂಟ್‌ಗೂ ಒಂದು ಸ್ಕೀಮಾ, ಅಂದರೆ ಯಾವ ಫೀಲ್ಡ್ ಹೇಗಿರಬೇಕು ಅನ್ನೋ ನಿಯಮಗಳ ಪಟ್ಟಿ. ಅದಕ್ಕೆ ಲೈಬ್ರರಿಗಳಿವೆ: ಪೈಥಾನ್‌ನಲ್ಲಿ ಪೈಡಾಂಟಿಕ್, ನೋಡ್‌ನಲ್ಲಿ ಜೋಡ್ ಅಥವಾ ಜಾಯ್. ಇಫ್ ಮೇಲೆ ಇಫ್ ಬರೆದು ಕಂಟ್ರೋಲರ್ ತುಂಬ ಹರಡಿದರೆ ಆರು ತಿಂಗಳಲ್ಲಿ ಒಂದು ಇಫ್ ಯಾರೋ ತೆಗೆದಿರುತ್ತಾರೆ.

## "ಡಿ'ಸೋಜ ಅನ್ನೋ ಹೆಸರು ಸೇವ್ ಆಗುತ್ತಿಲ್ಲ"

ಮಂಗಳೂರು ಕಡೆಯ ಗ್ರಾಹಕರಿರುವ ಎಪಿಐಗೆ ಇಂಥ ದೂರು ಬಂದರೆ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಅನ್ನೋ ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಾಗ ನಡುವೆ ಒಂದು ಅಪಾಸ್ಟ್ರಫಿ ಬರುತ್ತದೆ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಸ್ಟ್ರಿಂಗ್ ಮುಗಿಯುವುದು ಅದೇ ಚಿಹ್ನೆಯಿಂದ. ಪಾಪ ಆ ಗ್ರಾಹಕರು ಗೊತ್ತಿಲ್ಲದೇ ನಿಮಗೆ ಪುಕ್ಕಟೆ ಸೆಕ್ಯುರಿಟಿ ಟೆಸ್ಟ್ ಮಾಡಿಕೊಟ್ಟಿದ್ದಾರೆ.

ಖಚಿತಪಡಿಸಿಕೊಳ್ಳಲು ಎರಡು ರಿಕ್ವೆಸ್ಟ್ ಸಾಕು. ಹೆಸರಿನಲ್ಲಿ ಒಂದು ಅಪಾಸ್ಟ್ರಫಿ ಹಾಕಿ ಕಳಿಸಿ. ಆಮೇಲೆ ಒಂದರ ಪಕ್ಕ ಇನ್ನೊಂದು, ಎರಡು ಹಾಕಿ ಕಳಿಸಿ. ಒಂದಕ್ಕೆ 500, ಎರಡಕ್ಕೆ 200 ಬಂದು, ಸೇವ್ ಆದ ಹೆಸರಿನಲ್ಲಿ ಒಂದೇ ಅಪಾಸ್ಟ್ರಫಿ ಉಳಿದಿದ್ದರೆ, ನಿಮ್ಮ ಕೋಡ್ ಎಲ್ಲೋ ಸ್ಟ್ರಿಂಗ್ ಜೋಡಿಸಿ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಕಟ್ಟುತ್ತಿದೆ ಅಂತಲೇ ಲೆಕ್ಕ. ಲಾಗ್‌ನಲ್ಲಿ ಮೈಎಸ್‌ಕ್ಯೂಎಲ್ ಆದರೆ 1064, ಪೋಸ್ಟ್‌ಗ್ರೆಸ್ ಆದರೆ 42601 ಅನ್ನೋ ಎರರ್ ಕೋಡ್ ಕಾಣಿಸುತ್ತದೆ. ಎರಡೂ ಸಿಂಟ್ಯಾಕ್ಸ್ ಎರರ್. ಗ್ರಾಹಕರು ಟೈಪ್ ಮಾಡಿದ ಹೆಸರಿನಿಂದ ನಿಮ್ಮ ಕ್ವೆರಿಯ ವ್ಯಾಕರಣ ಕೆಟ್ಟಿತು ಅಂದರೆ, ಬೇಕಂತಲೇ ಟೈಪ್ ಮಾಡುವವನು ಆ ವ್ಯಾಕರಣವನ್ನು ತನಗೆ ಬೇಕಾದಂತೆ ಬದಲಿಸಬಲ್ಲ. ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಿ. ದೋಷ ಇದೆ ಅಂತ ಗೊತ್ತಾಯಿತಲ್ಲ, ಟೇಬಲ್ ಅಳಿಸಿ ತೋರಿಸುವ ಸಾಹಸ ಬೇಕಿಲ್ಲ.

ಈಗ ಎಲ್ಲರೂ ಮಾಡುವ ರಿಪೇರಿ ಬಗ್ಗೆ ಎರಡು ಮಾತು. ಅಪಾಸ್ಟ್ರಫಿ ಕಂಡರೆ ಕಿತ್ತುಹಾಕುವ ಒಂದು ಫಂಕ್ಷನ್ ಬರೆದು ಅದಕ್ಕೆ ಸ್ಯಾನಿಟೈಸ್ ಅಂತ ಹೆಸರಿಡುವುದು. ಇದರಿಂದ ಡಿ'ಸೋಜ ಅವರ ಹೆಸರು ಶಾಶ್ವತವಾಗಿ ಕೆಡುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ಅಂಕಿಯ ಐಡಿಯನ್ನು ಕೋಟ್ ಇಲ್ಲದೆ ಕ್ವೆರಿಗೆ ಸೇರಿಸಿದ್ದರೆ ದಾಳಿ ಮಾಡುವವನಿಗೆ ಅಪಾಸ್ಟ್ರಫಿಯೇ ಬೇಕಿಲ್ಲ ಅಲ್ವಾ? ಸರಿಯಾದ ದಾರಿ ಪ್ಯಾರಾಮೀಟರ್ ಕ್ವೆರಿ. ಕ್ವೆರಿಯ ಪಠ್ಯ ಬೇರೆ, ಅದರೊಳಗೆ ಕೂರುವ ವ್ಯಾಲ್ಯೂ ಬೇರೆ ಅಂತ ಡ್ರೈವರ್‌ಗೆ ಕೊಟ್ಟರೆ ಹೆಸರಿನೊಳಗೆ ಏನಿದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ. ವ್ಯಾಲಿಡೇಶನ್ ಇದರ ಮುಂದೆ ನಿಲ್ಲುವ ಇನ್ನೊಂದು ಪದರ, ಇದರ ಬದಲಿಗೆ ಬರುವಂಥದ್ದಲ್ಲ.

"ನಾವು ಓಆರ್‌ಎಂ (ಕ್ವೆರಿಯನ್ನು ತಾನೇ ಬರೆದುಕೊಡುವ ಲೈಬ್ರರಿ) ಬಳಸುತ್ತೇವೆ, ನಮಗಿದು ಅನ್ವಯಿಸಲ್ಲ" ಅನ್ನುವವರು ಕೋಡ್‌ನಲ್ಲಿ 'ರಾ' ಕ್ವೆರಿ, ಅಂದರೆ ಕೈಯಿಂದ ಬರೆದ ಕ್ವೆರಿ, ಎಲ್ಲೆಲ್ಲಿದೆ ಅಂತ ಒಮ್ಮೆ ಹುಡುಕಿ. ರಿಪೋರ್ಟ್ ತೆಗೆಯುವ ಕಡೆ ಒಂದಾದರೂ ಸಿಗುತ್ತದೆ. ವಿಂಗಡಿಸುವ ಕಾಲಂನ ಹೆಸರನ್ನು ಯುಆರ್‌ಎಲ್‌ನಿಂದ ತೆಗೆದುಕೊಳ್ಳುವ ಜಾಗವನ್ನೂ ನೋಡಿ. ಕಾಲಂ ಹೆಸರಿಗೆ ಪ್ಯಾರಾಮೀಟರ್ ಹಾಕಲು ಬರುವುದಿಲ್ಲ, ಹಾಗಾಗಿ ಜನ ನೇರ ಜೋಡಿಸಿಬಿಟ್ಟಿರುತ್ತಾರೆ. ಅಲ್ಲಿ ಬೆಲೆ, ಹೆಸರು, ದಿನಾಂಕ ಅಂತ ನೀವೇ ಒಂದು ಪಟ್ಟಿ ಮಾಡಿ, ಪಟ್ಟಿಯಲ್ಲಿ ಇಲ್ಲದ್ದು ಬಂದರೆ 400.

## "ಆ್ಯಪ್‌ನಲ್ಲಿ ತಡೆ ಇದೆ, ಆದರೂ ಡೇಟಾಬೇಸ್‌ನಲ್ಲಿ ಕಸ"

ಪ್ರಮಾಣ ಮೈನಸ್ 2, ವಯಸ್ಸು 900, ಪಿನ್‌ಕೋಡ್ ಜಾಗದಲ್ಲಿ "ಗೊತ್ತಿಲ್ಲ". ಆ್ಯಪ್ ತೆರೆದು ನೋಡಿದರೆ ಇಂಥದ್ದನ್ನು ಟೈಪ್ ಮಾಡಲು ಬಿಡುವುದೇ ಇಲ್ಲ. ಹಾಗಿದ್ದರೆ ಎಲ್ಲಿಂದ ಬಂತು?

ಪರೀಕ್ಷೆ ಐದು ನಿಮಿಷದ್ದು. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ಒಂದು ಸರಿಯಾದ ಆರ್ಡರ್ ಮಾಡಿ, ಆ ರಿಕ್ವೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಕರ್ಲ್ ಆಗಿ ಕಾಪಿ ಮಾಡಿಕೊಳ್ಳಿ, ಟರ್ಮಿನಲ್‌ನಲ್ಲಿ ಪ್ರಮಾಣವನ್ನು ಮೈನಸ್ ಮಾಡಿ ಕಳಿಸಿ. 200 ಬಂದರೆ ನಿಮ್ಮ ಎಲ್ಲ ತಪಾಸಣೆಯೂ ಫ್ರಂಟ್‌ಎಂಡ್‌ನಲ್ಲಿದೆ, ಅಂದರೆ ಗ್ರಾಹಕರು ನೋಡುವ ಆ್ಯಪ್‌ನಲ್ಲಿದೆ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಫಾರಂನಲ್ಲಿರುವ ತಪಾಸಣೆ ಗ್ರಾಹಕರ ಅನುಕೂಲಕ್ಕೆ, ಸರ್ವರ್‌ನಲ್ಲಿರುವುದು ನಿಮ್ಮ ರಕ್ಷಣೆಗೆ. ಎರಡೂ ಬೇಕು.

ಸರ್ವರ್‌ನಲ್ಲಿ ತಪಾಸಣೆ ಇದ್ದೂ ಕಸ ಬಂದಿದ್ದರೆ, ಅಂಕಿಗಳನ್ನು ಅನುಮಾನಿಸಿ. ಪೈಥಾನ್‌ನ ಜೇಸನ್ ಮಾಡ್ಯೂಲ್ 'ನ್ಯಾನ್' (ಅಂಕಿಯೇ ಅಲ್ಲ) ಅನ್ನೋ ವ್ಯಾಲ್ಯೂವನ್ನು ಮಾಮೂಲಾಗಿ ಒಪ್ಪಿಕೊಳ್ಳುತ್ತದೆ, ಜೇಸನ್ ನಿಯಮದಲ್ಲಿ ಅದಕ್ಕೆ ಜಾಗವೇ ಇಲ್ಲದಿದ್ದರೂ. ನ್ಯಾನ್ ಅನ್ನು ಯಾವುದರ ಜೊತೆ ಕಡಿಮೆಯಾ, ಜಾಸ್ತಿಯಾ ಅಂತ ಹೋಲಿಸಿದರೂ ಉತ್ತರ ಸುಳ್ಳು. ಅದು 0ಗಿಂತ ಕಡಿಮೆಯಾ? ಅಲ್ಲ. 1000ಕ್ಕಿಂತ ಜಾಸ್ತಿಯಾ? ಅಲ್ಲ. ನಿಮ್ಮ ಕೋಡ್ "ಕಡಿಮೆಯಿದ್ದರೆ ತಡೆ, ಜಾಸ್ತಿಯಿದ್ದರೆ ತಡೆ" ಅಂತಿದ್ದರೆ ನ್ಯಾನ್ ಎರಡನ್ನೂ ದಾಟಿ ಒಳಗೆ ಬರುತ್ತದೆ. ಮಾತನ್ನು ತಿರುಗಿಸಿ ಬರೆಯಿರಿ: 1ರಿಂದ 1000ದ ಒಳಗೆ ಇದ್ದರೆ ಮಾತ್ರ ಬಿಡು, ಉಳಿದದ್ದೆಲ್ಲ ತಡೆ. ಅಷ್ಟೇ ಬದಲಾವಣೆ. ದುಡ್ಡಿನ ಫೀಲ್ಡ್‌ಗೆ ಫ್ಲೋಟ್ (ದಶಮಾಂಶ ಸಂಖ್ಯೆ) ಬದಲು ಪೈಸೆ ಲೆಕ್ಕದ ಪೂರ್ಣಾಂಕ ಇಟ್ಟರೆ ಈ ತಲೆನೋವೇ ಇರುವುದಿಲ್ಲ.

ಜಾವಾಸ್ಕ್ರಿಪ್ಟ್ ಕಡೆ ಬೇರೆ ಗೋಳು. 9007199254740991 ದಾಟಿದ ಪೂರ್ಣಾಂಕಗಳನ್ನು ಅದು ನೆಚ್ಚಿಕೊಳ್ಳುವಂತೆ ಹಿಡಿದಿಡುವುದಿಲ್ಲ. 9007199254740993 ಅಂತ ಕಳಿಸಿದರೆ ಕೊನೆಯ ಅಂಕಿ 2 ಆಗಿ ಕೂರುತ್ತದೆ, ಬೇರೆಯವರ ಆರ್ಡರ್ ತೆರೆದುಕೊಂಡರೂ ಆಶ್ಚರ್ಯವಿಲ್ಲ. ದೊಡ್ಡ ಐಡಿಗಳನ್ನು ಸ್ಟ್ರಿಂಗ್ ಆಗಿಯೇ ಕಳಿಸಿ.

ಮೊಬೈಲ್ ನಂಬರ್ ಹುಡುಕಾಟ ಕೆಲಸ ಮಾಡದಿದ್ದರೆ ಪ್ಲಸ್ ಚಿಹ್ನೆ ನೋಡಿ. ಯುಆರ್‌ಎಲ್‌ನ ಕ್ವೆರಿ ಭಾಗದಲ್ಲಿ ಪ್ಲಸ್ ಹಾಗೇ ಹೋದರೆ ಸರ್ವರ್ ಅದನ್ನು ಖಾಲಿ ಜಾಗ ಅಂತ ಓದುತ್ತದೆ, +91 ಹೋಗಿ ಖಾಲಿ ಜಾಗ ಮತ್ತು 91 ಆಗುತ್ತದೆ. ಇದು ಕಳಿಸುವವರ ತಪ್ಪು. ಅದನ್ನು ನುಂಗಿಕೊಳ್ಳಲು ವ್ಯಾಲಿಡೇಶನ್ ಸಡಿಲ ಮಾಡಬೇಡಿ.

## "ನಿಜವಾದ ಗ್ರಾಹಕರಿಗೇ 'ಹೆಸರು ಸರಿಯಿಲ್ಲ' ಅಂತ ಬರುತ್ತಿದೆ"

ಇದನ್ನು ಸೆಕ್ಯುರಿಟಿ ದೋಷ ಅಂತ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ದೂರು ಜಾಸ್ತಿಯಾದಾಗ ಮ್ಯಾನೇಜರ್ "ಆ ತಪಾಸಣೆನೇ ತೆಗೆದುಬಿಡಿ" ಅನ್ನುತ್ತಾರೆ, ಅಲ್ಲಿಗೆ ಬಾಗಿಲು ಪೂರ್ತಿ ತೆರೆಯಿತು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ನೋಡಬೇಕಾದ್ದು ರೆಜೆಕ್ಸ್, ಅಂದರೆ ಯಾವ ಅಕ್ಷರಗಳು ಬರಬಹುದು ಅಂತ ಹೇಳುವ ಮಾದರಿ. ಎ ಇಂದ ಜೆಡ್ ಮಾತ್ರ ಅಂತ ಇದ್ದರೆ ಕನ್ನಡದ ಹೆಸರು ಯಾವುದೂ ಹೋಗುವುದಿಲ್ಲ, ಇದು ಸುಲಭವಾಗಿ ಸಿಕ್ಕಿಬೀಳುತ್ತದೆ. ಸಿಕ್ಕದೇ ಇರುವುದು ಮುಂದಿನದು. ಯಾರೋ ಬುದ್ಧಿವಂತರು ಅದನ್ನು ಯೂನಿಕೋಡ್‌ನ 'ಲೆಟರ್' ವರ್ಗಕ್ಕೆ ಬದಲಿಸಿರುತ್ತಾರೆ. "ಕಮಲ" ಅಂತ ಹಾಕಿ ಟೆಸ್ಟ್ ಮಾಡುತ್ತಾರೆ, ಪಾಸ್. ಪ್ರೊಡಕ್ಷನ್‌ಗೆ ಹೋದ ಮೇಲೆ "ಕಾವೇರಿ" ಫೇಲ್! ಕಾರಣ ಇಷ್ಟೇ, ಕಮಲದಲ್ಲಿ ಇರುವುದು ಮೂರು ಬರೀ ವ್ಯಂಜನ. ಕಾವೇರಿಯಲ್ಲಿ ದೀರ್ಘ, ಏತ್ವ, ಗುಡಿಸು ಇವೆ. ಯೂನಿಕೋಡ್ ಇವನ್ನು ಲೆಟರ್ ಅನ್ನುವುದಿಲ್ಲ, 'ಮಾರ್ಕ್' ಅನ್ನುವ ಬೇರೆ ವರ್ಗಕ್ಕೆ ಹಾಕಿದೆ. 'ಎಲ್ಲವೂ ಅಕ್ಷರವೇ?' ಅಂತ ಕೇಳುವ ಪೈಥಾನ್‌ನ ಈಸ್‌ಆಲ್ಫಾ ಕೂಡ ಕಾವೇರಿಗೆ ಇಲ್ಲ ಅಂತಲೇ ಹೇಳುತ್ತದೆ. ಲೆಟರ್ ಜೊತೆ ಮಾರ್ಕ್ ವರ್ಗವನ್ನೂ ಸೇರಿಸಬೇಕು.

ಅಷ್ಟಾದರೂ "ರಾಜ್‌ಕುಮಾರ್" ಫೇಲ್ ಆಗಬಹುದು. ಜ್ ಮತ್ತು ಕು ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಅದು ಲೆಟರ್ರೂ ಅಲ್ಲ, ಮಾರ್ಕೂ ಅಲ್ಲ. ಇದಕ್ಕೂ, ಇದರ ಜೋಡಿಯಾದ ಅಂಟಿಸುವ ಅಕ್ಷರಕ್ಕೂ, ಅಂದರೆ ಯೂನಿಕೋಡ್ 200ಸಿ ಮತ್ತು 200ಡಿಗೆ, ಹೆಸರಿನ ಫೀಲ್ಡ್‌ನಲ್ಲಿ ಅವಕಾಶ ಕೊಡಿ. ಯೂಸರ್‌ನೇಮ್‌ನಲ್ಲಿ ಮಾತ್ರ ಬೇಡ. ನೋಡಲು ಒಂದೇ ಥರ ಇರುವ ಎರಡು ಖಾತೆ ಹುಟ್ಟಿಕೊಳ್ಳುವುದು ಅಲ್ಲೇ.

ಆ ಒಂದೇ ಥರ ಕಾಣುವ ಸಮಸ್ಯೆ ಇನ್ನೊಂದು ಕಡೆಯಿಂದಲೂ ಬರುತ್ತದೆ. "ದೇವ" ಅನ್ನೋದರ ಏತ್ವವನ್ನು ಒಂದೇ ಸಂಕೇತವಾಗಿಯೂ ಕಳಿಸಬಹುದು, ಹ್ರಸ್ವದ ಎತ್ವಕ್ಕೆ ದೀರ್ಘದ ಕೊಂಡಿ ಸೇರಿಸಿ ಎರಡು ಸಂಕೇತವಾಗಿಯೂ ಕಳಿಸಬಹುದು. ಪರದೆಯ ಮೇಲೆ ವ್ಯತ್ಯಾಸವೇ ಇಲ್ಲ, ಕಂಪ್ಯೂಟರಿಗೆ ಎರಡೂ ಬೇರೆ. ತಪಾಸಣೆಗೆ ಮುಂಚೆಯೇ ಎನ್‌ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳನ್ನು ಒಂದೇ ಸಂಕೇತ ಮಾಡುವ ಯೂನಿಕೋಡ್ ರೂಪ) ತಂದುಬಿಡಿ. ತಪಾಸಣೆ ಆದ ಮೇಲೆ ತಂದರೆ, ತಪಾಸಣೆ ನೋಡಿದ್ದು ಒಂದು, ಸೇವ್ ಆಗಿದ್ದು ಇನ್ನೊಂದು.

ಉದ್ದದ ಮಿತಿಯೂ ಹೀಗೇ. ಕಾವೇರಿ ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡ್ ಲೆಕ್ಕದಲ್ಲಿ 6, ಯುಟಿಎಫ್-8 ಬೈಟ್‌ನಲ್ಲಿ 18. ಮಿತಿ ಯಾವ ಲೆಕ್ಕದ್ದು ಅಂತ ಸ್ಕೀಮಾ ಮತ್ತು ಡೇಟಾಬೇಸ್ ಎರಡೂ ಒಪ್ಪಿರಬೇಕು. ಪಾಸ್‌ವರ್ಡ್ ಗುಪ್ತವಾಗಿಡಲು ಬಿಕ್ರಿಪ್ಟ್ ಬಳಸುತ್ತಿದ್ದರೆ ಅದರ ಮಿತಿ 72 ಬೈಟ್, ಕನ್ನಡದಲ್ಲಿ ಟೈಪ್ ಮಾಡಿದವರಿಗೆ 24 ಸಂಕೇತಕ್ಕೇ ಮುಗಿಯಿತು. ಹಲವು ಲೈಬ್ರರಿಗಳು ಉಳಿದದ್ದನ್ನು ಹೇಳದೇ ಕೇಳದೇ ಕತ್ತರಿಸುತ್ತವೆ. ಬಾಗಿಲಲ್ಲೇ ಬೈಟ್ ಎಣಿಸಿ ಹೇಳಿಬಿಡುವುದು ಒಳ್ಳೆಯದು.

ಇದರ ಉಲ್ಟಾ ದೋಷವೂ ಉಂಟು. ಪಿನ್‌ಕೋಡ್‌ಗೆ "ಆರು ಅಂಕಿ" ಅಂತ ಪೈಥಾನ್ ರೆಜೆಕ್ಸ್ ಬರೆದು ಅಂಕಿಗೆ ಬ್ಯಾಕ್‌ಸ್ಲ್ಯಾಶ್ ಡಿ ಹಾಕಿದ್ದರೆ, ಅದು ೫೬೦೦೦೧ ಅನ್ನೂ ಒಪ್ಪುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ ಬ್ಯಾಕ್‌ಸ್ಲ್ಯಾಶ್ ಡಿ ಒಪ್ಪುವುದಿಲ್ಲ. ಒಂದು ಸರ್ವಿಸ್ ಪಾಸ್ ಮಾಡಿದ್ದು ಇನ್ನೊಂದರಲ್ಲಿ ಬಿದ್ದು ಒದ್ದಾಡುತ್ತದೆ. ಕನ್ನಡ ಅಂಕಿ ಬೇಕಿದ್ದರೆ ಮೊದಲು 0–9ಕ್ಕೆ ಬದಲಿಸಿಕೊಳ್ಳಿ, ಬೇಡವಾದರೆ ನೇರ 0ಯಿಂದ 9 ಅಂತಲೇ ಬರೆಯಿರಿ. ಪೈಥಾನ್‌ನಲ್ಲಿ ಕೊನೆಯ ಡಾಲರ್ ಚಿಹ್ನೆಯನ್ನೂ ಪೂರ್ತಿ ನಂಬಬೇಡಿ, ಆರು ಅಂಕಿ ಆದ ಮೇಲೆ ಒಂದು ಹೊಸ ಸಾಲು ಇದ್ದರೂ ಬಿಡುತ್ತದೆ. ಇಡೀ ಪಠ್ಯ ಹೊಂದಬೇಕು ಅನ್ನುವ ಫುಲ್‌ಮ್ಯಾಚ್ ಬಳಸಿ.

ಹಾಂ, 'ಕೊನೆಯ ಹೆಸರು' ಕಡ್ಡಾಯ ಮಾಡಿರುವ ಫಾರಂಗಳು. ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಇನಿಷಿಯಲ್ ಬಿಟ್ಟರೆ ಕೊನೆಯ ಹೆಸರೇ ಇಲ್ಲ. ಅವರು ಚುಕ್ಕಿಯೋ ಗೆರೆಯೋ ಹಾಕಿ ಮುಂದೆ ಹೋಗುತ್ತಾರೆ, ನಿಮ್ಮ ಡೇಟಾ ಕೆಡುತ್ತದೆ.

## "ಕಳಿಸಲು ಅವಕಾಶವೇ ಇಲ್ಲದ ಫೀಲ್ಡ್ ಬದಲಾಗಿದೆ"

ಮಾಮೂಲಿ ಬಳಕೆದಾರ ಇದ್ದಕ್ಕಿದ್ದಂತೆ ಅಡ್ಮಿನ್ ಆಗಿದ್ದಾನೆ, ವಾಲೆಟ್ ಬ್ಯಾಲೆನ್ಸ್ ಬದಲಾಗಿದೆ, ಆದರೆ ಅದನ್ನು ಬದಲಿಸುವ ಎಪಿಐ ನೀವು ಬರೆದೇ ಇಲ್ಲ. ಪ್ರೊಫೈಲ್ ಅಪ್‌ಡೇಟ್ ಎಂಡ್‌ಪಾಯಿಂಟ್ ನೋಡಿ. ಬಂದ ಜೇಸನ್ ಅನ್ನು ಹಾಗೇ ಡೇಟಾಬೇಸ್ ಮಾಡೆಲ್‌ಗೆ ಸುರಿಯುತ್ತಿದ್ದೀರಾ? ಹೆಸರಿನ ಜೊತೆ ಅಡ್ಮಿನ್ ಅನ್ನೋ ಫೀಲ್ಡ್ ಸೇರಿಸಿ ಕಳಿಸಿ, ಆಮೇಲೆ ಪ್ರೊಫೈಲ್ ಓದಿ ನೋಡಿ.

ಇದಕ್ಕೆ ಮಾಸ್ ಅಸೈನ್‌ಮೆಂಟ್ ಅಂತ ಹೆಸರು. 2012ರ ಮಾರ್ಚ್‌ನಲ್ಲಿ ಯೆಗೊರ್ ಹೊಮಾಕೊವ್ ಅನ್ನುವವರು ಗಿಟ್‌ಹಬ್‌ನಲ್ಲೇ ಇದನ್ನು ಮಾಡಿ ತೋರಿಸಿದ್ದರು. ತಮ್ಮ ಕೀಯನ್ನು (ಪ್ರವೇಶದ ಬೀಗದಕೈ) ರೈಲ್ಸ್ ಅನ್ನೋ ವೆಬ್ ಫ್ರೇಮ್‌ವರ್ಕ್‌ನ ತಂಡದ ಖಾತೆಗೆ ಸೇರಿಸಿ ರೈಲ್ಸ್‌ನ ರೆಪೋಗೇ (ಕೋಡ್ ಇಡುವ ಜಾಗಕ್ಕೇ) ಕಮಿಟ್ ಹಾಕಿದ್ದರು. ಆಮೇಲೆ ರೈಲ್ಸ್ 4ರಲ್ಲಿ, ಯಾವ ಫೀಲ್ಡ್ ಒಳಗೆ ಬರಬಹುದು ಅಂತ ಡೆವಲಪರ್ ಹೆಸರು ಹಿಡಿದು ಹೇಳಲೇಬೇಕಾದ ಪದ್ಧತಿ ಬಂತು.

ನಿಮ್ಮ ಲೈಬ್ರರಿಯ ಸ್ವಭಾವ ತಿಳಿದುಕೊಳ್ಳಿ. ಗೊತ್ತಿಲ್ಲದ ಫೀಲ್ಡ್ ಬಂದರೆ ಜಾಯ್ ತಾನಾಗಿಯೇ ಎರರ್ ಕೊಡುತ್ತದೆ. ಜೋಡ್ ಸುಮ್ನೆ ಉದುರಿಸುತ್ತದೆ, ಪೈಡಾಂಟಿಕ್ ಕಡೆಗಣಿಸುತ್ತದೆ. ಉದುರಿಸಿದರೂ ಅಪಾಯವಿಲ್ಲ, ತಪಾಸಣೆ ಆಗಿ ಹೊರಬಂದ ವಸ್ತುವನ್ನೇ ಮುಂದೆ ಬಳಸಿದ್ದರೆ. ತಪಾಸಣೆ ಮಾಡಿಸಿ, ಆಮೇಲೆ ಮೂಲ ಬಾಡಿಯನ್ನೇ ಸೇವ್‌ಗೆ ಕೊಡುವ ಕೋಡ್ ನೋಡಲು ಸರಿಯಾಗೇ ಕಾಣುತ್ತದೆ, ರಿವ್ಯೂನಲ್ಲೂ ತಪ್ಪಿಸಿಕೊಳ್ಳುತ್ತದೆ. ನನ್ನ ಆಯ್ಕೆ ಎರರ್ ಕೊಡುವುದು. ಯಾರೋ ಅಡ್ಮಿನ್ ಫೀಲ್ಡ್ ಕಳಿಸಿ ನೋಡುತ್ತಿದ್ದಾರೆ ಅನ್ನೋದು ನಿಮಗೂ ಗೊತ್ತಾಗಬೇಕಲ್ಲ.

## "ಪಾಸ್‌ವರ್ಡ್ ಇಲ್ಲದೇ ಲಾಗಿನ್ ಆಗುತ್ತಿದೆ"

ಮೊಂಗೋಡಿಬಿ ಡೇಟಾಬೇಸ್ ಇರುವವರು ಇದನ್ನು ಇವತ್ತೇ ನೋಡಿ. ಪಾಸ್‌ವರ್ಡ್ ಜಾಗದಲ್ಲಿ ಸ್ಟ್ರಿಂಗ್ ಬದಲು ಒಂದು ಆಬ್ಜೆಕ್ಟ್ ಕಳಿಸಿ, ಅದರೊಳಗೆ ಡಾಲರ್ ಚಿಹ್ನೆಯಿಂದ ಶುರುವಾಗುವ 'ಸಮ ಅಲ್ಲ' ಅನ್ನೋ ಆಪರೇಟರ್, ಅದರ ವ್ಯಾಲ್ಯೂ ನಲ್. ಕೋಡ್ ಅದನ್ನು ಹಾಗೇ ಕ್ವೆರಿಗೆ ಕೊಟ್ಟರೆ ಅರ್ಥ "ಪಾಸ್‌ವರ್ಡ್ ನಲ್ ಅಲ್ಲದ ಬಳಕೆದಾರನನ್ನು ಕೊಡು" ಅಂತಾಗುತ್ತದೆ. ಯಾರದ್ದೂ ನಲ್ ಇರುವುದಿಲ್ಲ! ಪಾಸ್‌ವರ್ಡ್ ಅನ್ನು ಹ್ಯಾಶ್ ಮಾಡಿ (ಮರಳಿ ಓದಲಾಗದ ರೂಪಕ್ಕೆ ತಂದು) ಬೇರೆಯಾಗಿ ಹೋಲಿಸುವ ಕೋಡ್ ಇದರಿಂದ ಬಚಾವಾಗುತ್ತದೆ, ಆದರೆ ರಿಸೆಟ್ ಟೋಕನ್, ಓಟಿಪಿ, ಕೂಪನ್ ಕೋಡ್ ಹುಡುಕುವ ಜಾಗಗಳಲ್ಲಿ ಅದೇ ತೂತು ಉಳಿದಿರುತ್ತದೆ. ಎಕ್ಸ್‌ಪ್ರೆಸ್ 4ರಲ್ಲಿ ಚೌಕ ಕಂಸ ಹಾಕಿದ ಯುಆರ್‌ಎಲ್ ಪ್ಯಾರಾಮೀಟರ್ ಕೂಡ ಆಬ್ಜೆಕ್ಟ್ ಆಗುತ್ತದೆ, ಹಾಗಾಗಿ ಗೆಟ್ ರಿಕ್ವೆಸ್ಟ್‌ಗಳನ್ನೂ ಬಿಡಬೇಡಿ.

ಪರಿಹಾರ ಸಣ್ಣದು. ಸ್ಟ್ರಿಂಗ್ ಇರಬೇಕಾದಲ್ಲಿ ಸ್ಟ್ರಿಂಗ್ ಮಾತ್ರ ಅಂತ ಸ್ಕೀಮಾದಲ್ಲಿ ಹೇಳಿ.

## "ಒಂದೇ ರಿಕ್ವೆಸ್ಟ್‌ಗೆ ಸರ್ವರ್ ಬಿಸಿಯೇರಿ ಕೂರುತ್ತದೆ"

ಸಿಪಿಯು 100 ಮುಟ್ಟಿದೆ, ಟ್ರಾಫಿಕ್ ನೋಡಿದರೆ ಮಾಮೂಲಿ. ಮೊದಲು ಸುಲಭದ್ದು: ಪುಟದ ಗಾತ್ರ ಕೇಳುವ ಪ್ಯಾರಾಮೀಟರ್‌ಗೆ ಹತ್ತು ಲಕ್ಷ ಅಂತ ಹಾಕಿ ನೋಡಿ. ಅಷ್ಟನ್ನೂ ತಂದುಕೊಟ್ಟರೆ ಕಾರಣ ಸಿಕ್ಕಿತು, ಮೇಲ್ಮಿತಿ 100 ಅಂತ ಏನೋ ಒಂದು ಇಡಿ. ಬಾಡಿ ಗಾತ್ರದ ಮಿತಿ ನೋಡಿ, ಆ್ಯಪ್ ಮುಂದೆ ನಿಲ್ಲುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಮೂಲತಃ 1 ಎಂಬಿ, ಎಕ್ಸ್‌ಪ್ರೆಸ್‌ನ ಜೇಸನ್ ಪಾರ್ಸರ್‌ನಲ್ಲಿ 100 ಕೆಬಿ. ಫೋಟೋ ಅಪ್‌ಲೋಡ್‌ಗೋಸ್ಕರ ಯಾರಾದರೂ ಇದನ್ನು ಇಡೀ ಎಪಿಐಗೆ 50 ಎಂಬಿ ಮಾಡಿದ್ದಾರಾ? ಆ ಒಂದು ದಾರಿಗೆ ಮಾತ್ರ ಹೆಚ್ಚಿಸಿ.

ಇವೆರಡೂ ಸರಿಯಿದ್ದರೆ ಆರೋಪಿ ನಿಮ್ಮ ವ್ಯಾಲಿಡೇಶನ್ನೇ ಇರಬಹುದು. 2016ರ ಜುಲೈ 20ರಂದು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಮಲಗಿತ್ತು. ಒಂದು ಪೋಸ್ಟ್‌ನಲ್ಲಿ ಸುಮಾರು 20,000 ಖಾಲಿ ಜಾಗ ಸಾಲಾಗಿತ್ತು, ಸಾಲಿನ ತುದಿಯ ಖಾಲಿ ಜಾಗ ಕತ್ತರಿಸುವ ರೆಜೆಕ್ಸ್ ಒಂದೊಂದರಿಂದಲೂ ಮತ್ತೆ ಮೊದಲಿನಿಂದ ಹುಡುಕುತ್ತಾ ಹೋಗಿ ಸುಮಾರು 20 ಕೋಟಿ ಸಲ ನೋಡಬೇಕಾಯಿತು. 2019ರ ಜುಲೈ 2ರಂದು ವೆಬ್‌ಸೈಟ್‌ಗಳ ಮುಂದೆ ನಿಂತು ಕಾಯುವ ಕ್ಲೌಡ್‌ಫ್ಲೇರ್ 27 ನಿಮಿಷ ಬಿದ್ದದ್ದೂ ಫೈರ್‌ವಾಲ್ ನಿಯಮದ ಒಂದು ರೆಜೆಕ್ಸ್‌ನಿಂದಲೇ.

ಪರೀಕ್ಷೆ ಹೀಗೆ: ಇಮೇಲ್ ಫೀಲ್ಡ್‌ಗೆ ಒಂದೇ ಅಕ್ಷರ ಸಾವಿರ ಸಲ ಹಾಕಿ ಕೊನೆಗೆ ಹೊಂದದ ಒಂದು ಚಿಹ್ನೆ ಇಡಿ, ಸಮಯ ಅಳೆಯಿರಿ. ಎರಡು ಸಾವಿರ, ನಾಲ್ಕು ಸಾವಿರ ಮಾಡಿ. ಉದ್ದ ಎರಡರಷ್ಟಾದಾಗ ಸಮಯ ನಾಲ್ಕರಷ್ಟು, ಅದಕ್ಕೂ ಜಾಸ್ತಿ ಆಗುತ್ತಿದ್ದರೆ ರೆಜೆಕ್ಸ್ ಬದಲಿಸಿ. ಪ್ರೊಡಕ್ಷನ್‌ನಲ್ಲಿ ಇದನ್ನು ಮಾಡಬೇಡಿ, ನೋಡ್ ಆದರೆ ಒಂದೇ ರಿಕ್ವೆಸ್ಟ್ ಇಡೀ ಪ್ರಾಸೆಸ್ ನಿಲ್ಲಿಸುತ್ತದೆ. ಉದ್ದದ ಮಿತಿಯನ್ನು ಯಾವಾಗಲೂ ರೆಜೆಕ್ಸ್‌ಗೆ ಮುಂಚೆ ಇಡಿ. ಇಮೇಲ್‌ಗೆ 254 ದಾಟಿದರೆ ರೆಜೆಕ್ಸ್ ತನಕ ಹೋಗುವುದೇ ಬೇಡ.

## "ಎಲ್ಲ ತಪಾಸಣೆ ಸರಿಯಿದೆ, ಆದರೂ ಬೇರೆಯವರ ಬಿಲ್ ಕಾಣುತ್ತಿದೆ"

ಆರ್ಡರ್ ಐಡಿ 1041 ಇದ್ದದ್ದನ್ನು 1042 ಮಾಡಿದರೆ ಪಕ್ಕದವರ ಬಿಲ್ ತೆರೆಯುತ್ತದೆ. ಐಡಿ ಸರಿಯಾದ ಪೂರ್ಣಾಂಕ, ವ್ಯಾಲಿಡೇಶನ್ ಪ್ರಕಾರ ಏನೂ ತಪ್ಪಿಲ್ಲ. ಇದು ಹಕ್ಕಿನ ಪ್ರಶ್ನೆ, ಇದನ್ನು ಯಾವ ಸ್ಕೀಮಾವೂ ಹಿಡಿಯಲಾರದು. ಸಾಫ್ಟ್‌ವೇರ್ ಭದ್ರತೆಯ ಸಂಸ್ಥೆ ಓವಾಸ್ಪ್‌ನ ಎಪಿಐ ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದಕ್ಕೇ. ಪ್ರತಿ ಕ್ವೆರಿಯಲ್ಲೂ ಲಾಗಿನ್ ಆದವರ ಐಡಿಯನ್ನು ಸೇರಿಸಿ. ಐಡಿಯನ್ನು ಊಹಿಸಲಾಗದ ಉದ್ದದ ಸ್ಟ್ರಿಂಗ್ ಮಾಡಿದರೆ ಸಾಕು ಅನ್ನುವವರ ಮಾತು ಕೇಳಬೇಡಿ.

ಬಳಕೆದಾರರು ಕೊಟ್ಟ ಯುಆರ್‌ಎಲ್ ಅನ್ನು ನಿಮ್ಮ ಸರ್ವರ್ ತೆರೆಯುತ್ತಿದ್ದರೆ, ಉದಾಹರಣೆಗೆ ಫೋಟೋದ ಲಿಂಕ್ ಕೊಟ್ಟರೆ ನೀವೇ ಇಳಿಸಿಕೊಳ್ಳುವುದು, ಅದೂ ಇಂಥದ್ದೇ ಕಷ್ಟದ ಜಾಗ. 169.254.169.254 ಅನ್ನೋ ವಿಳಾಸ ಕ್ಲೌಡ್ ಸರ್ವರ್‌ನ ಒಳಗಿನ ಗುಟ್ಟುಗಳನ್ನು ಕೊಡುವಂಥದ್ದು, ಅದನ್ನು ಮಾತ್ರ ತಡೆದರೆ ಸಾಲದು. ಬೇರೆ ಬೇರೆ ರೂಪದಲ್ಲಿ ಬರೆಯಬಹುದು, ರೀಡೈರೆಕ್ಟ್ ಮೂಲಕವೂ ತಲುಪಬಹುದು. ಯಾವ ಹೋಸ್ಟ್‌ಗಳಿಗೆ ಹೋಗಬಹುದು ಅಂತ ಪಟ್ಟಿ ಮಾಡಲು ಆಗದಿದ್ದರೆ ಇದನ್ನು ಗೊತ್ತಿದ್ದವರ ಕೈಗೆ ಕೊಡಿ.

## ಯಾವಾಗ ಕೈ ಬಿಟ್ಟು ಬೇರೆಯವರನ್ನು ಕರೆಯಬೇಕು

ಲಾಗ್‌ನಲ್ಲಿ ಅಪಾಸ್ಟ್ರಫಿ ಜೊತೆ 'ಯೂನಿಯನ್ ಸೆಲೆಕ್ಟ್' ಥರದ ಎಸ್‌ಕ್ಯೂಎಲ್ ಪದಗಳು ಕಂಡು ಅವಕ್ಕೆ 200 ಹೋಗಿದ್ದರೆ, ಗೊತ್ತಿಲ್ಲದ ಅಡ್ಮಿನ್ ಖಾತೆ ಇದ್ದರೆ, ಒಂದೇ ವಿಳಾಸದಿಂದ ಐಡಿಗಳನ್ನು ಸಾಲಾಗಿ ಓದಿದ್ದರೆ, ನೀವು ಈಗ ನೋಡುತ್ತಿರುವುದು ನಡೆದುಹೋದ ಘಟನೆ. ಕೋಡ್ ಸರಿ ಮಾಡಿ ಸರ್ವರ್ ರೀಸ್ಟಾರ್ಟ್ ಮಾಡುವ ಆತುರ ಬೇಡ. ಸರ್ವರ್ ಅನ್ನು ಹೊರಗಿನ ಜಾಲದಿಂದ ಬಿಡಿಸಿ, ಆದರೆ ಆಫ್ ಮಾಡಬೇಡಿ, ಮೆಮೊರಿಯಲ್ಲಿ ಇರುವ ಸಾಕ್ಷಿ ಹೋಗುತ್ತದೆ. ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆಯಿರಿ. ಡೇಟಾಬೇಸ್ ಪಾಸ್‌ವರ್ಡ್, ಎಪಿಐ ಕೀಗಳನ್ನೆಲ್ಲ ಬದಲಿಸಿ.

ಭಾರತದಲ್ಲಿ ನಡೆಸುವ ಸರ್ವಿಸ್ ಆದರೆ ಗಡಿಯಾರ ಶುರುವಾಗಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಅಷ್ಟು ದಿನದ ಲಾಗ್ ನಿಮ್ಮ ಹತ್ತಿರ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಲಾಗ್‌ನಲ್ಲಿ ಪಾಸ್‌ವರ್ಡ್, ಓಟಿಪಿ, ಆಧಾರ್ ಸಂಖ್ಯೆ ಬಿದ್ದಿದೆಯಾ ಅನ್ನೋದನ್ನೂ ಅದೇ ಹೊತ್ತಲ್ಲಿ ನೋಡಿ. ವ್ಯಾಲಿಡೇಶನ್ ಎರರ್ ಬರೆಯುವಾಗ ಬಂದ ಇಡೀ ಬಾಡಿಯನ್ನು ಲಾಗ್‌ಗೆ ಸುರಿಯುವ ಅಭ್ಯಾಸ ತುಂಬಾ ಕಡೆ ಇದೆ. ಫೀಲ್ಡ್ ಹೆಸರು ಮತ್ತು ಯಾವ ನಿಯಮ ತಪ್ಪಿತು ಅನ್ನೋದು ಸಾಕು.